ಹಿಮಕರಡಿಯ ದಿನಗಳ ಲೆಕ್ಕ

ಬೇಸಿಗೆ ರಜೆಯಲ್ಲಿ ಅಕ್ಕನ ಮಗಳನ್ನು ಮಂಡ್ಯದಿಂದ ಮೈಸೂರು ಜೂಗೆ ಕರೆದುಕೊಂಡು ಹೋಗಿದ್ದೆ. ನಾಲ್ಕನೇ ಕ್ಲಾಸು ಮುಗಿಸಿರುವ ಹುಡುಗಿ. ಮಧ್ಯಾಹ್ನದ ಹೊತ್ತು, ಉರಿ ಬಿಸಿಲು. ನಮ್ಮ ಕಪ್ಪು ಕರಡಿ ನೆರಳು ಹುಡುಕಿಕೊಂಡು ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿತ್ತು. ಪಕ್ಕದಲ್ಲಿ ಪೈಪಿನಿಂದ ನೀರು ಚಿಮ್ಮುತ್ತಿತ್ತು. ಅದನ್ನೇ ನೋಡುತ್ತಾ ನಿಂತವಳು ಕೇಳಿದಳು:

"ಮಾವ, ಬಿಳಿ ಕರಡಿ ಇರೋ ಕಡೆ ಐಸೆಲ್ಲ ಕರಗ್ತಿದೆ ಅಂತ ಮಿಸ್ ಹೇಳಿದ್ರು. ಅದನ್ನೂ ಇಲ್ಲಿಗೆ ತಂದು, ದೊಡ್ಡ ಫ್ರಿಜ್ ಮಾಡಿ ಇಟ್ಟರೆ ಉಳ್ಕೊಳಲ್ವಾ?"

ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದತೊಡಗಿದೆ. ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು. ಹಿಮಕರಡಿಯ ಕಷ್ಟ ಸೆಖೆಯದ್ದಲ್ಲ, ದಿನಗಳದ್ದು. ವರ್ಷದಲ್ಲಿ ಎಷ್ಟು ದಿನ ಅದರ ಕಾಲ ಕೆಳಗೆ ಮಂಜುಗಡ್ಡೆ ಇರುತ್ತದೆ, ಎಷ್ಟು ದಿನ ಇರುವುದಿಲ್ಲ, ಅದರ ಬದುಕೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ನಮ್ಮ ಕಡೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿಯಲ್ಲಿ ಎಷ್ಟು ಅಡಿ ನೀರಿದೆ, ನಾಲೆಗೆ ಯಾವತ್ತು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ ಅನ್ನುವುದರ ಮೇಲೆ ಒಂದು ಜಿಲ್ಲೆಯ ಭತ್ತ, ಕಬ್ಬು ನಿಂತಿರುವುದನ್ನು ನಾವು ದಿನಾ ನೋಡುತ್ತೇವೆ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಆಗ ಗದ್ದೆ ಎಲ್ಲಿಗೂ ಹೋಗಿರಲಿಲ್ಲ, ನಾಲೆಯೂ ಇದ್ದಲ್ಲೇ ಇತ್ತು. ನೀರಿನ ದಿನಗಳು ಮಾತ್ರ ಕಡಿಮೆಯಾಗಿದ್ದವು. ಹಿಮಕರಡಿಗೆ ಆಗುತ್ತಿರುವುದೂ ಹೆಚ್ಚುಕಡಿಮೆ ಇದೇ.

ಮೊದಲು, ಅದು ಇರುವುದು ಎಲ್ಲಿ?

ಭೂಮಿಯ ಉತ್ತರ ತುದಿಯಲ್ಲಿ ಮಾತ್ರ. ಮಕ್ಕಳ ಪುಸ್ತಕಗಳಲ್ಲಿ ಹಿಮಕರಡಿ ಮತ್ತು ಪೆಂಗ್ವಿನ್‌ಗಳನ್ನು ಒಂದೇ ಚಿತ್ರದಲ್ಲಿ ಬರೆದಿರುತ್ತಾರೆ. ನಿಜದಲ್ಲಿ ಅವು ತಮ್ಮ ನೆಲೆಯಲ್ಲಿ ಎಂದೂ ಮುಖಾಮುಖಿ ಆದದ್ದಿಲ್ಲ. ಪೆಂಗ್ವಿನ್ ದಕ್ಷಿಣದ್ದು, ಹಿಮಕರಡಿ ಉತ್ತರದ್ದು.

ಎರಡು ತುದಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ದಕ್ಷಿಣದ ಅಂಟಾರ್ಕ್ಟಿಕ ಒಂದು ಖಂಡ. ಅಲ್ಲಿ ನೆಲದ ಮೇಲೆ ಹಿಮ ಕೂತಿದೆ, ಸುತ್ತ ಸಮುದ್ರ ಇದೆ. ಉತ್ತರದ ಆರ್ಕ್ಟಿಕ್ ಇದಕ್ಕೆ ತಿರುಗಾಮುರುಗ. ನಡುವೆ ಸಮುದ್ರ, ಸುತ್ತ ನೆಲ. ಆ ಸಮುದ್ರದ ಮೇಲ್ಭಾಗ ಹೆಪ್ಪುಗಟ್ಟಿ ತೇಲುತ್ತಿರುತ್ತದೆ. ಹಿಮಕರಡಿ ಓಡಾಡುವುದು ಈ ತೇಲುವ ಚಪ್ಪಡಿಯ ಮೇಲೆ.

ಆರ್ಕ್ಟಿಕ್ ಅನ್ನುವ ಹೆಸರು ಬಂದಿರುವುದೇ ಕರಡಿಯಿಂದ. ಗ್ರೀಕರ ಮಾತಿನಲ್ಲಿ ಆರ್ಕ್ಟೋಸ್ ಅಂದರೆ ಕರಡಿ. ಆದರೆ ಅವರು ಹೇಳಿದ್ದು ಈ ಬಿಳಿ ಪ್ರಾಣಿಯನ್ನಲ್ಲ, ಆಕಾಶದ ಕರಡಿಯನ್ನು. ನಾವು ಸಪ್ತರ್ಷಿ ಮಂಡಲ ಅಂತ ಕರೆಯುವ ಏಳು ನಕ್ಷತ್ರಗಳಲ್ಲಿ ಅವರಿಗೆ ದೊಡ್ಡದೊಂದು ಕರಡಿ ಕಂಡಿತ್ತು. ಆ ಕರಡಿಯ ದಿಕ್ಕಿನ ಸೀಮೆ ಆರ್ಕ್ಟಿಕ್ ಆಯಿತು. ಬೇಸಿಗೆಯ ರಾತ್ರಿ ತಾರಸಿ ಹತ್ತಿ ಉತ್ತರಕ್ಕೆ ನೋಡಿದರೆ ನಮಗೂ ಅದು ಕಾಣುತ್ತದೆ.

ಕೆನಡಾ, ಅಮೆರಿಕದ ಅಲಾಸ್ಕ, ರಷ್ಯಾ, ನಾರ್ವೆ ಮತ್ತು ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್. ಹಿಮಕರಡಿ ಇರುವುದು ಇಷ್ಟೇ ಕಡೆ. ವಿಜ್ಞಾನಿಗಳು ಅವುಗಳನ್ನು ಸುಮಾರು 20 ಗುಂಪುಗಳಾಗಿ ವಿಂಗಡಿಸಿದ್ದಾರೆ. ಎಲ್ಲ ಸೇರಿ ಸುಮಾರು 26,000 ಇರಬಹುದು ಎಂಬುದು ಅಂದಾಜು. ಜಂಬೂ ಸವಾರಿ ನೋಡಲು ಮೈಸೂರಿನಲ್ಲಿ ಸೇರುವ ಜನರಿಗೆ ಹೋಲಿಸಿದರೆ ಇಡೀ ಭೂಮಿಯ ಹಿಮಕರಡಿಗಳು ಬಹಳ ಕಡಿಮೆ.

ಸಮುದ್ರದ ಮಂಜುಗಡ್ಡೆ ಬೇರೆ, ಹಿಮನದಿ ಬೇರೆ

ಈ ಎರಡನ್ನು ಬೆರೆಸಿಕೊಂಡರೆ ಮುಂದಿನದೆಲ್ಲ ಗೊಂದಲವಾಗುತ್ತದೆ.

ಹಿಮನದಿ ಅಂದರೆ ನೆಲದ ಮೇಲೆ ಸಾವಿರಾರು ವರ್ಷ ಬಿದ್ದ ಹಿಮ ಗಟ್ಟಿಯಾಗಿ ಕೂತದ್ದು. ಅದು ಕರಗಿದರೆ ಹೊಸ ನೀರು ಹರಿದು ಸಮುದ್ರ ಸೇರುತ್ತದೆ, ಸಮುದ್ರದ ಮಟ್ಟ ಏರುತ್ತದೆ. ಸಮುದ್ರದ ಮಂಜುಗಡ್ಡೆ ಹಾಗಲ್ಲ. ಅದು ಸಮುದ್ರದ ನೀರೇ ಹೆಪ್ಪುಗಟ್ಟಿದ್ದು. ಉಪ್ಪಿರುವುದರಿಂದ ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ, ಸುಮಾರು ಮೈನಸ್ 1.8 ಡಿಗ್ರಿಗೆ ಇಳಿಯಬೇಕು. ಒಂದು ಚಳಿಗಾಲದಲ್ಲಿ ಕಟ್ಟಿದ ಪದರ ಒಂದರಿಂದ ಎರಡು ಮೀಟರ್ ದಪ್ಪ ಇರುತ್ತದೆ.

ಕಬ್ಬಿನ ಹಾಲಿನ ಅಂಗಡಿಯಲ್ಲಿ ಲೋಟದ ಅಂಚಿನವರೆಗೂ ಹಾಲು ಹಾಕಿ ಐಸ್ ತೇಲಿಸಿ ಕೊಡುತ್ತಾರಲ್ಲ, ಆ ಐಸ್ ಕರಗಿದಾಗ ಲೋಟ ಉಕ್ಕುವುದಿಲ್ಲ. ತೇಲುತ್ತಿದ್ದದ್ದು ಆಗಲೇ ಅಷ್ಟು ಜಾಗ ಹಿಡಿದುಕೊಂಡಿತ್ತು. ಹಾಗೇ ಸಮುದ್ರದ ಮಂಜುಗಡ್ಡೆ ಕರಗಿದರೆ ಸಮುದ್ರದ ಮಟ್ಟ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಆದರೆ ಅದರ ಮೇಲೆ ನಿಂತಿದ್ದ ಪ್ರಾಣಿಗೆ ನೆಲವೇ ಹೋಗುತ್ತದೆ.

ಈ ಮಂಜುಗಡ್ಡೆ ಪ್ರತಿ ವರ್ಷ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ಸಹಜ. ಮಾರ್ಚ್ ಹೊತ್ತಿಗೆ ಸುಮಾರು ಒಂದೂವರೆ ಕೋಟಿ ಚದರ ಕಿ.ಮೀ. ಹರಡಿಕೊಳ್ಳುತ್ತದೆ. ಅಂದರೆ ನಾಲ್ಕೂವರೆ ಭಾರತದಷ್ಟು. ಸೆಪ್ಟೆಂಬರಿಗೆ ಅತಿ ಚಿಕ್ಕದಾಗುತ್ತದೆ. 1980ರ ದಶಕದಲ್ಲಿ ಸೆಪ್ಟೆಂಬರಿನಲ್ಲೂ ಸುಮಾರು ಎರಡು ಭಾರತದಷ್ಟು ಉಳಿಯುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ ಚದರ ಕಿ.ಮೀ.ಗೆ ಇಳಿಯಿತು. ಒಂದು ಭಾರತದಷ್ಟು. ಉಪಗ್ರಹದಿಂದ ಅಳೆಯಲು ಶುರುಮಾಡಿದ 1979ರಿಂದ ಈವರೆಗೆ ಕಂಡ ಅತಿ ಕಡಿಮೆ ಅದೇ.

ಒಂದು ತೂತು, ಒಂದು ಕಾಯುವಿಕೆ

ಹಿಮಕರಡಿಯ ಊಟ ಸೀಲ್. ಸೀಲ್ ಅಂದರೆ ಸಮುದ್ರದಲ್ಲಿ ಈಜುವ, ಮೈತುಂಬ ಕೊಬ್ಬಿರುವ ಸಸ್ತನಿ. ನಮ್ಮ ಹಾಗೇ ಅದಕ್ಕೂ ಗಾಳಿ ಬೇಕು. ಮಂಜುಗಡ್ಡೆಯ ಕೆಳಗೆ ಎಷ್ಟೇ ಹೊತ್ತು ಈಜಿದರೂ ಉಸಿರಿಗೆ ಮೇಲೆ ಬರಲೇಬೇಕು. ಅದಕ್ಕಾಗಿ ಉಂಗುರದ ಸೀಲ್ ಎಂಬ ಜಾತಿ ತನ್ನ ಉಗುರಿನಿಂದ ಮಂಜುಗಡ್ಡೆಯನ್ನು ಕೆರೆದು ಕೆರೆದು ತೂತು ಮಾಡಿಕೊಂಡಿರುತ್ತದೆ. ಒಂದಲ್ಲ, ಹಲವು.

ಕರಡಿ ಆ ತೂತನ್ನು ವಾಸನೆಯಿಂದ ಹುಡುಕುತ್ತದೆ. ಹುಡುಕಿ, ಪಕ್ಕದಲ್ಲಿ ಕೂರುತ್ತದೆ. ಆಮೇಲೆ ಕಾಯುತ್ತದೆ. ನಾಲೆಯ ಅಂಚಿನಲ್ಲಿ ಕೊಕ್ಕರೆ ಒಂಟಿಕಾಲಲ್ಲಿ ಅಲ್ಲಾಡದೆ ನಿಂತಿರುವುದನ್ನು ನೋಡಿದ್ದೀರಲ್ಲ, ಹಾಗೆ. ಅರ್ಧ ಗಂಟೆ, ಒಂದು ಗಂಟೆ, ಕೆಲವು ಸಲ ಇನ್ನೂ ಹೆಚ್ಚು. ಮೈನಸ್ 30 ಡಿಗ್ರಿಯ ಗಾಳಿಯಲ್ಲಿ ನಾನೂರು ಐನೂರು ಕೆ.ಜಿ. ತೂಕದ ಪ್ರಾಣಿ ಕಲ್ಲಿನಂತೆ ಕೂತಿರುತ್ತದೆ. ಕಾಲು ಸರಿಸಿದರೂ ಸಪ್ಪಳ ಕೆಳಗೆ ಕೇಳುತ್ತದೆ. ಕಡೆಗೆ ತೂತಿನ ನೀರು ಸ್ವಲ್ಪ ಅಲುಗುತ್ತದೆ, ಮೂಗಿನ ತುದಿ ಕಾಣುತ್ತದೆ. ಆ ಒಂದು ಕ್ಷಣ ತಪ್ಪಿದರೆ ಊಟ ತಪ್ಪಿತು.

ಕರಡಿ ಚೆನ್ನಾಗಿ ಈಜುತ್ತದೆ. ಆದರೆ ತೆರೆದ ನೀರಿನಲ್ಲಿ ಸೀಲ್ ಅದರ ಕೈಗೆ ಸಿಗುವುದೇ ಅಪರೂಪ. ಮಂಜುಗಡ್ಡೆ ಅದಕ್ಕೆ ಬರೀ ಮನೆಯಲ್ಲ, ಬೇಟೆಯ ಗಾಳವೂ ಹೌದು. ಇದು ಅರ್ಥವಾದರೆ ಉಳಿದದ್ದು ತಾನಾಗೇ ಬಿಡಿಸಿಕೊಳ್ಳುತ್ತದೆ.

ಸುಗ್ಗಿ ಮತ್ತು ಹಗೇವು

ವರ್ಷವಿಡೀ ಒಂದೇ ಸಮ ಬೇಟೆ ಸಿಗುವುದಿಲ್ಲ. ಏಪ್ರಿಲ್‌ನಿಂದ ಜುಲೈ ಆರಂಭದವರೆಗೆ ಕರಡಿಯ ಸುಗ್ಗಿ. ಆಗ ಸೀಲ್ ಮರಿಗಳು ಹುಟ್ಟಿ ತಾಯಿ ಹಾಲು ಕುಡಿದು ದುಂಡಗಾಗಿರುತ್ತವೆ, ಓಡಿ ತಪ್ಪಿಸಿಕೊಳ್ಳುವುದು ಇನ್ನೂ ಗೊತ್ತಿರುವುದಿಲ್ಲ. ವರ್ಷಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಕರಡಿ ಈ ಕೆಲವೇ ವಾರಗಳಲ್ಲಿ ಗಳಿಸಿಕೊಳ್ಳುತ್ತದೆ. ಸಿಕ್ಕಿದ ಸೀಲಿನಲ್ಲಿ ಮೊದಲು ಕೊಬ್ಬನ್ನು ತಿನ್ನುತ್ತದೆ. ಹೊಟ್ಟೆ ತುಂಬಿದ್ದರೆ ಮಾಂಸವನ್ನು ನರಿಗಳಿಗೆ ಬಿಟ್ಟು ಹೋಗುತ್ತದೆ.

ಹಿಂದೆ ನಮ್ಮ ಕಡೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮಳೆ ಹೋದ ವರ್ಷ ಅದನ್ನು ತೆಗೆದು ಉಣ್ಣುತ್ತಿದ್ದರು. ಕರಡಿಗೆ ಅದರ ಮೈಯೇ ಹಗೇವು. ಚರ್ಮದ ಕೆಳಗೆ ಕೆಲವು ಕಡೆ ಹತ್ತು ಸೆಂಟಿಮೀಟರಿನಷ್ಟು ದಪ್ಪ ಕೊಬ್ಬು. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ದಡಕ್ಕೆ ಬಂದ ಮೇಲೆ ಉಪವಾಸ. ಆಗ ಈ ಹಗೇವಿನ ಬಾಯಿ ತೆರೆಯುತ್ತದೆ. ಮತ್ತೆ ಸಮುದ್ರ ಹೆಪ್ಪುಗಟ್ಟುವವರೆಗೆ ಅದರಲ್ಲೇ ಕಾಲ ತಳ್ಳಬೇಕು.

ಬಸುರಿ ಕರಡಿಯ ಲೆಕ್ಕ ಇನ್ನೂ ಕಠಿಣ. ಬೇರೆ ಕರಡಿಗಳು ದಡ ಬಿಟ್ಟು ಮಂಜುಗಡ್ಡೆಗೆ ಹೋಗುವಾಗ ಅವಳು ಹಿಮದಲ್ಲಿ ಗುಹೆ ತೋಡಿಕೊಂಡು ಒಳಗೆ ಸೇರುತ್ತಾಳೆ. ಚಳಿಗಾಲದ ಕತ್ತಲಲ್ಲಿ ಮರಿ ಹಾಕುತ್ತಾಳೆ, ಸಾಮಾನ್ಯವಾಗಿ ಎರಡು. ಒಂದೊಂದು ಮರಿಯ ತೂಕ ಸುಮಾರು 600 ಗ್ರಾಂ. ಅಂಗಡಿಯಲ್ಲಿ ಕಟ್ಟಿಕೊಡುವ ಅರ್ಧ ಕೆ.ಜಿ. ಸಕ್ಕರೆ ಪೊಟ್ಟಣ ಕೈಯಲ್ಲಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ. ಕಣ್ಣು ಬಿಟ್ಟಿರುವುದಿಲ್ಲ. ತಾಯಿಯ ಹಾಲಿನಲ್ಲಿ ನೂರಕ್ಕೆ ಮೂವತ್ತರಷ್ಟು ಕೊಬ್ಬು, ನಮ್ಮ ಎಮ್ಮೆ ಹಾಲಿನಲ್ಲಿ ಏಳರ ಆಸುಪಾಸು. ಮಾರ್ಚ್, ಏಪ್ರಿಲ್ ಹೊತ್ತಿಗೆ ಗುಹೆಯಿಂದ ಹೊರಬರುವಾಗ ಮರಿ ಹತ್ತು ಕೆ.ಜಿ. ದಾಟಿರುತ್ತದೆ. ಅಷ್ಟೂ ದಿನ ತಾಯಿ ಏನೂ ತಿಂದಿರುವುದಿಲ್ಲ. ಕೆನಡಾದ ಹಡ್ಸನ್ ಕೊಲ್ಲಿಯ ಬಸುರಿ ಕರಡಿಗಳು ಒಟ್ಟು ಎಂಟು ತಿಂಗಳವರೆಗೂ ಊಟವಿಲ್ಲದೆ ಇರುತ್ತವೆ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ.

ಮೂರು ವಾರ ಜಾಸ್ತಿಯಾದರೆ ಏನಾಗುತ್ತದೆ?

ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಕರಡಿಗಳನ್ನು ವಿಜ್ಞಾನಿಗಳು ಹಲವು ದಶಕಗಳಿಂದ ಲೆಕ್ಕ ಇಟ್ಟು ನೋಡುತ್ತಿದ್ದಾರೆ. ಅಲ್ಲಿ 1980ರ ದಶಕಕ್ಕೆ ಹೋಲಿಸಿದರೆ ಮಂಜುಗಡ್ಡೆ ಇಲ್ಲದ ದಿನಗಳು ಈಗ ಸುಮಾರು ಮೂರು ವಾರ ಹೆಚ್ಚಾಗಿವೆ. ವಸಂತದಲ್ಲಿ ಬೇಗ ಒಡೆಯುತ್ತದೆ, ಚಳಿಗಾಲದಲ್ಲಿ ತಡವಾಗಿ ಕಟ್ಟುತ್ತದೆ.

ಮೂರು ವಾರ ಅಷ್ಟೇ ತಾನೇ ಅನ್ನಿಸಬಹುದು. ಆದರೆ ಆ ದಿನಗಳು ಎರಡೂ ಕಡೆಯಿಂದ ಹೊಡೆಯುತ್ತವೆ. ಬೇಗ ಕರಗಿದ ಪ್ರತಿ ದಿನವೂ ಸುಗ್ಗಿಯ ದಿನ, ಹಗೇವು ತುಂಬುವ ದಿನ. ಅದು ಕೈತಪ್ಪುತ್ತದೆ. ತಡವಾದ ಪ್ರತಿ ದಿನವೂ ಉಪವಾಸಕ್ಕೆ ಸೇರುತ್ತದೆ. ಆದಾಯ ಕಡಿಮೆ, ಖರ್ಚು ಜಾಸ್ತಿ. ಮೊದಲು ಮರಿಗಳಿಗೆ ಹಾಲು ಸಾಲದಾಗುತ್ತದೆ. ಆಮೇಲೆ ಚಿಕ್ಕ ವಯಸ್ಸಿನವು, ಮುದಿಯಾದವು ಉಳಿಯುವುದು ಕಷ್ಟವಾಗುತ್ತದೆ. ಗಟ್ಟಿ ಗಂಡು ಕರಡಿಗಳು ಕೊನೆಯವರೆಗೆ ತಡೆದುಕೊಳ್ಳುತ್ತವೆ. ಹಾಗಾಗಿ ಹೊರಗಿನಿಂದ ನೋಡಿದವರಿಗೆ ದಷ್ಟಪುಷ್ಟ ಕರಡಿಗಳೇ ಕಾಣುತ್ತಿರುತ್ತವೆ, ಆದರೆ ಒಳಗೊಳಗೇ ಗುಂಪು ಸೊರಗುತ್ತಿರುತ್ತದೆ.

ಲೆಕ್ಕ ಹೀಗಿದೆ. 1987ರಲ್ಲಿ ಈ ಗುಂಪಿನಲ್ಲಿ ಸುಮಾರು 1,200 ಕರಡಿಗಳಿದ್ದವು. 2016ರಲ್ಲಿ 842. 2021ರಲ್ಲಿ 618. ಹೆಚ್ಚುಕಡಿಮೆ ಅರ್ಧ.

ದಡದಲ್ಲಿ ಬೇರೆ ಏನಾದರೂ ತಿನ್ನಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿ ಹಣ್ಣುಗಳಿವೆ, ಹುಲ್ಲಿದೆ, ಬಾತುಗಳ ಮೊಟ್ಟೆ ಇದೆ. ಕರಡಿಗಳು ಅವನ್ನು ತಿನ್ನುವುದೂ ನಿಜ. ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಅಲ್ಲಿನ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಪಟ್ಟಿ ಕಟ್ಟಿ ಸುಮಾರು ಮೂರು ವಾರ ನೋಡಿದರು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. 20ರಲ್ಲಿ 19 ಕರಡಿಗಳು ತೂಕ ಕಳೆದುಕೊಂಡಿದ್ದವು, ಸರಾಸರಿ ದಿನಕ್ಕೆ ಒಂದು ಕೆ.ಜಿ. ಕೆಲವು ಸುಮ್ಮನೆ ಮಲಗಿ ಶಕ್ತಿ ಉಳಿಸಿಕೊಳ್ಳಲು ನೋಡಿದವು, ಕೆಲವು ಅಲೆದು ಹಣ್ಣು, ಮೂಳೆ, ಹಕ್ಕಿ ತಿಂದವು. ಕೊನೆಗೆ ಎರಡರ ಗತಿಯೂ ಒಂದೇ. ಹುಡುಕಿ ಅಲೆಯುವುದಕ್ಕೆ ಆದ ಖರ್ಚು ಸಿಕ್ಕಿದ ಆಹಾರದಿಂದ ಭರ್ತಿಯಾಗಲಿಲ್ಲ. ಮಂಜುಗಡ್ಡೆಯ ಮೇಲೆ ಓಡಾಡುವ ಕರಡಿಗೆ ದಿನಕ್ಕೆ 12,000 ಕ್ಯಾಲರಿಗಿಂತ ಹೆಚ್ಚು ಬೇಕು. ಅಂದರೆ ನಮ್ಮಂಥ ಐದಾರು ಜನರ ಊಟ. ಅದನ್ನು ಹಣ್ಣಿನಲ್ಲಿ ತುಂಬಿಸುವುದು ಆಗದ ಮಾತು.

ಮಂಜುಗಡ್ಡೆ ಯಾಕೆ ಬೇಗ ಕರಗುತ್ತಿದೆ?

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಭೂಮಿಯಿಂದ ಹೊರಗೆ ಹೋಗಬೇಕಾದ ಶಾಖವನ್ನು ಅದು ತಡೆಯುತ್ತದೆ. ಹೊದ್ದ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದಿಸಿದ ಹಾಗೆ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಈ ಅನಿಲ ಇತ್ತು. ಈಗ 420 ದಾಟಿದೆ.

ಆದರೆ ಕಂಬಳಿ ಎಲ್ಲರ ಮೇಲೂ ಒಂದೇ. ಹಾಗಿದ್ದರೆ ಉತ್ತರ ತುದಿಯೇ ಯಾಕೆ ಜಾಸ್ತಿ ಬಿಸಿಯಾಗುತ್ತಿದೆ? 1979ರಿಂದ ಈಚೆಗೆ ಆರ್ಕ್ಟಿಕ್ ಉಳಿದ ಭೂಮಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ.

ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಟಾರು ರಸ್ತೆಗೆ ಇಳಿದು ನೋಡಿ. ಆಮೇಲೆ ಸುಣ್ಣ ಬಳಿದ ತಾರಸಿಯ ಮೇಲೆ ನಿಂತು ನೋಡಿ. ಬಿಸಿಲು ಒಂದೇ, ಕಾಲಿಗೆ ಗೊತ್ತಾಗುವ ಬಿಸಿ ಬೇರೆ. ಬಿಳಿ ಬಣ್ಣ ಬೆಳಕನ್ನು ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ. ಹೊಸ ಹಿಮ ಹೊದ್ದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ವಾಪಸ್ ಕಳಿಸುತ್ತದೆ. ಅದು ಕರಗಿ ಕೆಳಗಿನ ಕಪ್ಪು ಸಮುದ್ರ ತೆರೆದುಕೊಂಡರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ನೀರು ನುಂಗುತ್ತದೆ. ನೀರು ಬಿಸಿಯಾಗುತ್ತದೆ, ಪಕ್ಕದ ಮಂಜುಗಡ್ಡೆ ಕರಗುತ್ತದೆ, ಇನ್ನಷ್ಟು ಕಪ್ಪು ನೀರು ತೆರೆದುಕೊಳ್ಳುತ್ತದೆ. ಆರ್ಕ್ಟಿಕ್ ಬೇಗ ಬಿಸಿಯಾಗಲು ಬೇರೆ ಕಾರಣಗಳೂ ಇವೆ, ಇದು ಮುಖ್ಯವಾದ ಒಂದು.

ವಾಟ್ಸಾಪಿನಲ್ಲಿ ಬರುವ ಆ ಒಣಕಲು ಕರಡಿ

ಮೂಳೆ ಚಕ್ಕಳವಾದ ಒಂದು ಕರಡಿ ಕಸದ ಡಬ್ಬಿಯಲ್ಲಿ ತಡಕಾಡುವ ವಿಡಿಯೊ ನಿಮಗೂ ಬಂದಿರಬಹುದು. ಅದನ್ನು ಕೆನಡಾದ ಉತ್ತರದಲ್ಲಿ ತೆಗೆದದ್ದು, 2017ರ ಡಿಸೆಂಬರಿನಲ್ಲಿ ಜಗತ್ತಿನಾದ್ಯಂತ ಹರಡಿತು. ಕರಡಿಯ ಸಂಕಟ ನಿಜ. ಆದರೆ ಆ ಒಂದು ಕರಡಿ ಯಾವ ಕಾರಣಕ್ಕೆ ಹಾಗಾಯಿತು, ಕಾಯಿಲೆಯೋ ಗಾಯವೋ ವಯಸ್ಸೋ ಹಸಿವೋ, ಅದನ್ನು ವಿಡಿಯೊ ನೋಡಿ ಹೇಳಲು ಬರುವುದಿಲ್ಲ. ಅದನ್ನು ಹವಾಮಾನ ಬದಲಾವಣೆಗೆ ನೇರವಾಗಿ ಜೋಡಿಸಿ ಬರೆದಿದ್ದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೇ ಮರುವರ್ಷ, ಅಷ್ಟು ಖಚಿತವಾಗಿ ಹೇಳಿದ್ದು ಅತಿಯಾಯಿತು ಎಂದು ಒಪ್ಪಿಕೊಂಡಿತು.

ಇದನ್ನು ಹೇಳುವುದು ಯಾಕೆಂದರೆ, ಒಂದು ವಿಡಿಯೊದ ಮೇಲೆ ನಂಬಿಕೆ ಕಟ್ಟಿದರೆ ಇನ್ನೊಂದು ವಿಡಿಯೊ ಅದನ್ನು ಕೆಡವುತ್ತದೆ. ದಪ್ಪ ಕರಡಿಯ ವಿಡಿಯೊಗಳೂ ಬೇಕಾದಷ್ಟಿವೆ. ಎಲ್ಲ ಗುಂಪುಗಳ ಸ್ಥಿತಿ ಒಂದೇ ಥರ ಇಲ್ಲ. ಅಲಾಸ್ಕ ಮತ್ತು ರಷ್ಯಾದ ನಡುವಿನ ಚುಕ್ಚಿ ಸಮುದ್ರದ ಕರಡಿಗಳು ಮೈಕೈ ತುಂಬಿಕೊಂಡು ಚೆನ್ನಾಗಿವೆ. ಅಲ್ಲಿ ಸೀಲ್ ಜಾಸ್ತಿ, ಆಹಾರ ಸಮೃದ್ಧ. ಅದರ ಪಕ್ಕದ ದಕ್ಷಿಣ ಬ್ಯೂಫೋರ್ಟ್ ಸಮುದ್ರದಲ್ಲಿ 2001ರಿಂದ 2010ರ ನಡುವೆ ಕರಡಿಗಳ ಸಂಖ್ಯೆ ನೂರಕ್ಕೆ ನಲವತ್ತರಷ್ಟು ಇಳಿಯಿತು. ನೆರೆಹೊರೆಯ ಎರಡು ಸಮುದ್ರ, ಎರಡು ಕಥೆ. ನಾಲೆಯ ತಲೆಯಲ್ಲಿರುವ ಗದ್ದೆಗೂ ಕೊನೆ ಭಾಗದ ಗದ್ದೆಗೂ ನೀರು ಒಂದೇ ದಿನ ನಿಲ್ಲುವುದಿಲ್ಲ, ಅಲ್ವಾ?

ಗ್ರೀನ್‌ಲ್ಯಾಂಡಿನ ಆಗ್ನೇಯ ಮೂಲೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿನ ಕೆಲವು ನೂರು ಕರಡಿಗಳು ಸಮುದ್ರದ ಮಂಜುಗಡ್ಡೆ ಇಲ್ಲದಾಗ ಹಿಮನದಿಯಿಂದ ಮುರಿದು ಬಿದ್ದ ಗಡ್ಡೆಗಳ ಮೇಲೆ ನಿಂತು ಬೇಟೆಯಾಡುತ್ತವೆ ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೇಳಿ ಖುಷಿಯಾಯಿತು. ಆದರೆ ಅಂಥ ಹಿಮನದಿ ಸಮುದ್ರಕ್ಕೆ ಇಳಿಯುವ ಜಾಗಗಳು ಆರ್ಕ್ಟಿಕ್‌ನಲ್ಲಿ ಕಡಿಮೆ. ಎಲ್ಲ ಕರಡಿಗಳಿಗೂ ಆ ದಾರಿ ಇಲ್ಲ.

1973: ಬಂಡೀಪುರದ ವರ್ಷ, ಓಸ್ಲೋದ ವರ್ಷ

1973ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದೇ ವರ್ಷದ ನವೆಂಬರಿನಲ್ಲಿ ನಾರ್ವೆಯ ಓಸ್ಲೋದಲ್ಲಿ ಐದು ದೇಶಗಳು ಹಿಮಕರಡಿಗಾಗಿ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರದ ಕಾಲ ಅದು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಮೇಜಿನ ಸುತ್ತ ಕೂತದ್ದು ಒಂದು ಪ್ರಾಣಿಗಾಗಿ.

ಆಗಿನ ಅಪಾಯ ಬೇಟೆ. ಶೋಕಿಗಾಗಿ, ಚರ್ಮಕ್ಕಾಗಿ ವಿಮಾನದಿಂದಲೂ ಹಡಗಿನಿಂದಲೂ ಗುಂಡು ಹೊಡೆಯುತ್ತಿದ್ದರು. ಅದಕ್ಕೆ ಕಡಿವಾಣ ಬಿತ್ತು. ಮಂಜಿನ ನಾಡಿನ ಮೂಲ ನಿವಾಸಿಗಳಿಗೆ ಮಾತ್ರ ಅವರ ಬದುಕಿನ ಭಾಗವಾಗಿ ಮಿತಿಯಲ್ಲಿ ಬೇಟೆಗೆ ಅವಕಾಶ ಉಳಿಯಿತು. ಹಲವು ಕಡೆ ಕರಡಿಗಳು ಚೇತರಿಸಿಕೊಂಡವು.

ಹುಲಿಗೂ ಹಿಮಕರಡಿಗೂ ದಾರಿ ಬೇರೆಯಾಗುವುದು ಇಲ್ಲಿಂದ ಮುಂದೆ. ಬಂಡೀಪುರದಲ್ಲಿ ಕಾಡು ಉಳಿಸಿ, ಕಳ್ಳಬೇಟೆ ತಡೆದರೆ ಹುಲಿ ಉಳಿಯುತ್ತದೆ. ಗಡಿ ಗುರುತಿಸಬಹುದು, ಗಸ್ತು ತಿರುಗಬಹುದು. ಮಂಜುಗಡ್ಡೆಗೆ ಗಸ್ತು ಹಾಕಲು ಆಗುವುದಿಲ್ಲ. ಅದು ಕರಗುವ ಕಾರಣ ಸಾವಿರಾರು ಕಿಲೋಮೀಟರ್ ಆಚೆ ಇದೆ. 2008ರಲ್ಲಿ ಅಮೆರಿಕ ತನ್ನ ಕಾನೂನಿನಡಿ ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿ ಎಂದು ಸಾರಿದ್ದೂ ಬೇಟೆಯ ಕಾರಣಕ್ಕಲ್ಲ, ಮಂಜುಗಡ್ಡೆ ಕಡಿಮೆಯಾಗುತ್ತಿರುವ ಕಾರಣಕ್ಕೆ.

ಊರಿನೊಳಗೆ ಬಂದ ಕರಡಿ

ಹಡ್ಸನ್ ಕೊಲ್ಲಿಯ ದಡದಲ್ಲಿ ಚರ್ಚಿಲ್ ಅನ್ನುವ ಪುಟ್ಟ ಊರಿದೆ. ಸಾವಿರಕ್ಕಿಂತ ಕಡಿಮೆ ಜನ. ಅಕ್ಟೋಬರ್, ನವೆಂಬರ್‌ನಲ್ಲಿ ಸಮುದ್ರ ಹೆಪ್ಪುಗಟ್ಟುವುದನ್ನು ಕಾಯುತ್ತಾ ಕರಡಿಗಳು ಅದರ ಸುತ್ತ ಬಂದು ಸೇರುತ್ತವೆ. ಮಂಜುಗಡ್ಡೆ ತಡವಾದಷ್ಟೂ ಅವು ದಡದಲ್ಲಿ ಹೆಚ್ಚು ದಿನ ಇರುತ್ತವೆ. ಹಸಿದ ಕರಡಿ ಊರಿನ ವಾಸನೆ ಹಿಡಿದು ಬರುತ್ತದೆ.

ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದನ್ನು ಕಂಡ ನಮಗೆ ಈ ಭಯ ಹೊಸದಲ್ಲ. ಚರ್ಚಿಲ್‌ನವರ ಉಪಾಯಗಳೂ ಪರಿಚಿತ ಅನ್ನಿಸುತ್ತವೆ. ಕರಡಿ ಕಂಡರೆ ತಿಳಿಸಲು ಒಂದು ಸಹಾಯವಾಣಿ ಇದೆ. ಸದ್ದು ಮಾಡುವ ಸಿಡಿಗುಂಡು ಹಾರಿಸಿ ಓಡಿಸುತ್ತಾರೆ. ಹೋಗದಿದ್ದರೆ ಬೋನಿಟ್ಟು ಹಿಡಿದು ಒಂದು ಕಟ್ಟಡದಲ್ಲಿ ಕೂಡಿಹಾಕುತ್ತಾರೆ. ಆಮೇಲೆ ಹೆಲಿಕಾಪ್ಟರಿನಲ್ಲಿ ತೂಗುಹಾಕಿ ದೂರ ಬಿಟ್ಟು ಬರುತ್ತಾರೆ. ಕರಡಿಗಳನ್ನು ಸೆಳೆಯುತ್ತಿದ್ದ ತೆರೆದ ಕಸದ ರಾಶಿಯನ್ನು 2005ರಲ್ಲಿ ಮುಚ್ಚಿದರು. ಬೀದಿಯಲ್ಲಿ ಕರಡಿ ಎದುರಾದರೆ ಯಾರಾದರೂ ಒಳಗೆ ನುಗ್ಗಿ ಜೀವ ಉಳಿಸಿಕೊಳ್ಳಲಿ ಅಂತ ಅಲ್ಲಿನ ಎಷ್ಟೋ ಜನ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಪಕ್ಕದ ಹುಣಸೆ ಮರವನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಜನ ನೆನಪಾದರು.

ಇನ್ನೂ ಕೆಲವು ಕೆಲಸ ನಡೆದಿವೆ. ಕೆನಡಾದ ತೀರಾ ಉತ್ತರದಲ್ಲಿ ಮಂಜುಗಡ್ಡೆ ಅತಿ ಹೆಚ್ಚು ಕಾಲ ಉಳಿಯುವ ಭಾಗವನ್ನು 2019ರಲ್ಲಿ ಸಂರಕ್ಷಿತ ಎಂದು ಘೋಷಿಸಿದರು. ಹೆಸರು ತುವಾಯುಯಿತ್ತುಕ್. ಅಲ್ಲಿನ ಇನುಯಿಟ್ ಜನರ ಮಾತಿನಲ್ಲಿ ಎಂದೂ ಕರಗದ ಮಂಜಿನ ಜಾಗ ಅಂತ ಅರ್ಥ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರಿಂದ ಯಾರೂ ಕರಡಿಗೆ 300 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ತಾಯಿ, ಮರಿಗಳು ಬೇಟೆಯಾಡುವ ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಫೋಟೊ ತೆಗೆಯಲು ಹೋದವರು ಬೇಟೆ ಕೆಡಿಸಿದರೆ ಒಂದು ಹೊತ್ತಿನ ಊಟ ಹೋಯಿತು ಅಂತಲೇ ಲೆಕ್ಕ.

ಅದೇ ಸ್ವಾಲ್ಬಾರ್ಡ್‌ನಲ್ಲಿ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರವೂ ಇದೆ, 2008ರಿಂದ. ಆರ್ಕ್ಟಿಕ್ ಬದಲಾವಣೆಗೂ ನಮ್ಮ ಮುಂಗಾರಿಗೂ ಏನು ಸಂಬಂಧ ಎಂಬುದು ಭಾರತದ ವಿಜ್ಞಾನಿಗಳು ಹುಡುಕುತ್ತಿರುವ ಪ್ರಶ್ನೆಗಳಲ್ಲಿ ಒಂದು.

ಫ್ರಿಜ್ ಪ್ರಶ್ನೆಗೆ ಉತ್ತರ

ಮೃಗಾಲಯದಲ್ಲಿ ಹಿಮಕರಡಿ ಬದುಕುತ್ತದೆ. ಎಷ್ಟೋ ದೇಶಗಳ ಜೂಗಳಲ್ಲಿ ಇವೆ. ತಾಯಿ ಇಲ್ಲದ ಮರಿಗಳನ್ನು ಹಾಗೆ ಸಾಕಿದ್ದೂ ಉಂಟು. ಆದರೆ ಮರಿ ತಾಯಿಯ ಜೊತೆ ಎರಡೂವರೆ ವರ್ಷ ತಿರುಗಿ ತೂತು ಹುಡುಕುವುದು, ಕಾಯುವುದು, ಗುಹೆ ತೋಡುವುದನ್ನು ಕಲಿಯುತ್ತದೆ. ಫ್ರಿಜ್‌ನಲ್ಲಿ ಅದನ್ನು ಕಲಿಸುವವರು ಯಾರು? 26,000 ಕರಡಿಗಳಿಗೆ ಫ್ರಿಜ್ ಎಲ್ಲಿ? ಒಂದು ವೇಳೆ ಕಟ್ಟಿದರೂ, ಅವು ಬಿಟ್ಟುಬಂದ ಮಂಜುಗಡ್ಡೆ ಅಲ್ಲಿ ಕರಗುತ್ತಲೇ ಇರುತ್ತದೆ. ಮಂಜುಗಡ್ಡೆ ಇದ್ದರೆ ಕರಡಿಯನ್ನು ಎಲ್ಲಿಗೂ ತರಬೇಕಿಲ್ಲ.

"ಹಂಗಾದ್ರೆ ಐಸ್‌ನ ಹೆಂಗೆ ಉಳ್ಸೋದು?" ಇದು ಅವಳ ಎರಡನೇ ಪ್ರಶ್ನೆ. ಅದಕ್ಕೆ ಇಬ್ಬರೂ ಕೂತು ಒಂದು ಲೆಕ್ಕ ಮಾಡಿದೆವು.

ಬೈಕಿನ ಲೆಕ್ಕ

2016ರಲ್ಲಿ ಇಬ್ಬರು ವಿಜ್ಞಾನಿಗಳು ಹಳೆಯ ದಾಖಲೆಗಳನ್ನು ಜೋಡಿಸಿ ಒಂದು ಸರಳ ಸಂಬಂಧ ಕಂಡುಕೊಂಡರು. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದರೆ ಸೆಪ್ಟೆಂಬರಿನ ಆರ್ಕ್ಟಿಕ್ ಮಂಜುಗಡ್ಡೆಯಲ್ಲಿ ಸುಮಾರು ಮೂರು ಚದರ ಮೀಟರ್ ಕಡಿಮೆಯಾಗುತ್ತದೆ. ಒಂದು ಡಬಲ್ ಮಂಚದಷ್ಟು.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಅನಿಲ ಬರುತ್ತದೆ. ಒಂದು ಟನ್ ಆಗಲು ಸುಮಾರು 430 ಲೀಟರ್ ಬೇಕು. ಲೀಟರಿಗೆ 50 ಕಿ.ಮೀ. ಕೊಡುವ ಬೈಕ್ ಅಷ್ಟರಲ್ಲಿ 21,500 ಕಿ.ಮೀ. ಓಡುತ್ತದೆ. ಮಂಡ್ಯದಿಂದ ಮೈಸೂರಿಗೆ ಹೋಗಿಬಂದರೆ ಸುಮಾರು 90 ಕಿ.ಮೀ. ಅಂದರೆ ಹತ್ತಿರ ಹತ್ತಿರ 240 ಸಲ ಹೋಗಿಬಂದ ಹಾಗೆ. ಅವಳಪ್ಪ ದಿನಾ ಕೆಲಸಕ್ಕೆ ಮೈಸೂರಿಗೆ ಬೈಕಲ್ಲೇ ಹೋಗುತ್ತಾರೆ. "ಅಪ್ಪ ಒಂದ್ ವರ್ಷಕ್ಕೆ ಒಂದ್ ಮಂಚ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮಗು ಅಪ್ಪನನ್ನು ಬೈಯದಿರಲಿ ಅಂತ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಬರೆಸಿದೆ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್. ಅಮೆರಿಕದಲ್ಲಿ ಸುಮಾರು ಹದಿನಾಲ್ಕು. ವಿದ್ಯುತ್ ಎಲ್ಲಿಂದ ಬರುತ್ತದೆ, ಸಿಮೆಂಟು ಉಕ್ಕು ಹೇಗೆ ಮಾಡುತ್ತಾರೆ, ಊರಿಗೆ ಬಸ್ಸು ರೈಲು ಎಷ್ಟಿವೆ, ಇದರಲ್ಲೇ ದೊಡ್ಡ ಪಾಲು ಇರುವುದು. 2015ರ ಪ್ಯಾರಿಸ್ ಒಪ್ಪಂದದಲ್ಲಿ ದೇಶಗಳು ಬಿಸಿಯೇರಿಕೆಯನ್ನು ಎರಡು ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ ಒಂದೂವರೆ ಡಿಗ್ರಿಗೆ ತಡೆಯಲು ಒಪ್ಪಿರುವುದು ಈ ದೊಡ್ಡ ಪಾಲಿಗಾಗಿ. ಅನಿಲ ಹೀಗೇ ಏರುತ್ತಾ ಹೋದರೆ ಈ ಶತಮಾನದ ಕೊನೆಗೆ ಬಹುತೇಕ ಗುಂಪುಗಳಲ್ಲಿ ಮರಿಗಳು ಉಳಿಯುವುದು ಕಷ್ಟ ಎಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಇದರ ಇನ್ನೊಂದು ಮುಖ ನನಗೆ ತುಂಬಾ ಸಮಾಧಾನ ಕೊಟ್ಟಿತು. ಒಂದು ಹಂತ ದಾಟಿದ ಮೇಲೆ ಏನು ಮಾಡಿದರೂ ಬೇಸಿಗೆಯ ಮಂಜುಗಡ್ಡೆ ಪೂರ್ತಿ ಹೋಗಿಯೇ ಹೋಗುತ್ತದೆ ಎಂಬ ಅನುಮಾನ ಮೊದಲು ಇತ್ತು. ಹಾಗಿಲ್ಲ ಎಂದು 2010ರಲ್ಲಿ ಹಿಮಕರಡಿ ತಜ್ಞ ಸ್ಟೀವನ್ ಆಮ್‌ಸ್ಟ್ರಪ್ ಮತ್ತು ಜೊತೆಗಾರರು ತೋರಿಸಿದರು. ಶಾಖ ಏರಿದಷ್ಟು ಮಂಜುಗಡ್ಡೆ ಇಳಿಯುತ್ತದೆ, ಶಾಖ ನಿಂತರೆ ಇಳಿಕೆಯೂ ನಿಲ್ಲುತ್ತದೆ. ಹೊರಬಿಡದೆ ಉಳಿಸಿದ ಪ್ರತಿ ಟನ್ ಅನಿಲಕ್ಕೂ ಅದರ ಮೂರು ಚದರ ಮೀಟರ್ ಅಲ್ಲಿ ಉಳಿಯುತ್ತದೆ.

ಆರ್ಕ್ಟಿಕ್ ಮಂಜುಗಡ್ಡೆಯ ಉಪಗ್ರಹ ನಕ್ಷೆಯನ್ನು ಅಮೆರಿಕದ ಹಿಮ ಮತ್ತು ಮಂಜುಗಡ್ಡೆ ದತ್ತಾಂಶ ಕೇಂದ್ರ ದಿನಾ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಅವಳಿಗೆ ಅದನ್ನು ಫೋನಿನಲ್ಲಿ ತೋರಿಸಿಕೊಟ್ಟೆ. ಈಗ ಬೆಳಿಗ್ಗೆ ತಾತ ಪೇಪರು ಹಿಡಿದು ಕನ್ನಂಬಾಡಿ ಮಟ್ಟ ಓದುತ್ತಾರೆ. ಅವಳು ಪಕ್ಕದಲ್ಲಿ ಕೂತು ಹಡ್ಸನ್ ಕೊಲ್ಲಿಯ ಮೇಲೆ ಬೆರಳಿಟ್ಟು ಬಿಳಿ ಎಷ್ಟಿದೆ ಅಂತ ನೋಡುತ್ತಾಳೆ. ಜುಲೈ ಮೊದಲ ವಾರ ಒಂದು ದಿನ ಕಟ್ಟೆಗೆ ಒಳಹರಿವು ಜಾಸ್ತಿಯಾಗಿತ್ತು, ತಾತ ಖುಷಿಯಲ್ಲಿದ್ದರು. ನಕ್ಷೆಯಲ್ಲಿ ಕೊಲ್ಲಿಯ ಪಶ್ಚಿಮ ದಡದ ಹತ್ತಿರ ಬಿಳಿ ಹರಿದು ನೀಲಿ ಕಾಣುತ್ತಿತ್ತು.

"ನಿನ್ ಕರಡಿ ಕಟ್ಟೆ ಎಷ್ಟಿದೆ ಮಗಾ ಇವತ್ತು?" ಅಂತ ತಾತ ಕೇಳಿದರು.

"ಇಳೀತಿದೆ ತಾತ. ಇನ್ನೇನ್ ದಡಕ್ ಬತ್ತವೆ" ಅಂದಳು. ಕ್ಯಾಲೆಂಡರ್ ತಿರುವಿ ನವೆಂಬರಿಗೆ ಎಷ್ಟು ದಿನ ಇದೆ ಅಂತ ಎಣಿಸತೊಡಗಿದಳು.